ಕೊಲೆಗಾರ ಸಿಗುವ ಮೊದಲೇ ಕರೆಂಟ್ ಹೋಯ್ತು

ನಿನ್ನೆ ವೇಣೂರಿನಲ್ಲಿ ಕರೆಂಟ್ ಹೋದದ್ದು ಯಾವಾಗ ಗೊತ್ತುಂಟಾ ಫ್ರೆಂಡ್ಸ್? ಟೀವಿಯ ಕ್ರೈಮ್ ಸೀರಿಯಲ್‌ನಲ್ಲಿ, ಹತ್ತು ವರ್ಷದ ಹಿಂದೆ ಕಾಣೆಯಾದ ಹೆಂಗಸನ್ನು ಕೊಂದದ್ದು ಯಾರೆಂದು ಹೇಳಲು ಇನ್‌ಸ್ಪೆಕ್ಟರ್ ಬಾಯಿ ತೆರೆದಾಗ!

ಇವತ್ತು ಬೆಳಿಗ್ಗೆ ಮೂಡುಬಿದಿರೆ ಬಸ್ಸಿನಲ್ಲಿ ಅದೇ ವಿಚಾರಣೆ.

"ಗಂಡನೇ. ಬೇರೆ ಯಾರೂ ಅಲ್ಲ" ಅಂದರು ಮುಂದಿನ ಸೀಟಿನ ಶೆಟ್ರು.

"ಗಂಡ ಪಾಪ ಮಾರಾಯ್ರೆ, ಆ ಡಾಕ್ಟರ್ ಸರಿ ಇಲ್ಲ" ಅಂದ ಕಂಡಕ್ಟರ್, ಟಿಕೆಟ್ ಕೊಡುವುದನ್ನು ಬಿಟ್ಟು.

ತೋಡಾರಿನ ಅಕ್ಕನ ಮನೆಯಲ್ಲಿ ಕರೆಂಟ್ ಇತ್ತು. ಫೋನ್ ಮಾಡಿ ಎಲ್ಲ ಕೇಳಿಕೊಂಡಿದ್ದ ನಾನು "ನನಗೆ ಗೊತ್ತುಂಟು" ಅಂದೆ. ಅರ್ಧ ಬಸ್ಸು "ಹೇಳು" ಅಂತು. ಉಳಿದರ್ಧ "ಬಾಯಿ ಮುಚ್ಚು, ಮಧ್ಯಾಹ್ನ ಪುನಃ ಹಾಕ್ತಾರೆ" ಅಂತು.

ಪಕ್ಕದಲ್ಲಿದ್ದ ಐಸಮ್ಮ, ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೊರಟವರು, ನನ್ನ ಕೈ ಹಿಡಿದರು. "ಕೊಂದದ್ದು ಯಾರಾದ್ರೂ ಆಗಲಿ ಮಗಾ. ಸತ್ತವಳ ತಾಯಿ ಅಷ್ಟು ವರ್ಷ ಕಾದದ್ದಲ್ವಾ, ಅವರಿಗೆ ಯಾರಾದ್ರೂ ಹೋಗಿ ಹೇಳಿದ್ರಾ?"

"ಇನ್‌ಸ್ಪೆಕ್ಟರೇ ಮನೆಗೆ ಹೋಗಿ ಹೇಳಿದ್ರಂತೆ" ಅಂದೆ.

"ಹಾಗಾದ್ರೆ ಒಳ್ಳೆ ಸೀರಿಯಲ್."

ಆಮೇಲೆ ಕೊಲೆಗಾರನ ಹೆಸರು ಯಾರೂ ಕೇಳಲಿಲ್ಲ. ಮಧ್ಯಾಹ್ನ ನೋಡುವ ಅಂತ ತೀರ್ಮಾನ ಆಯ್ತು, ಶೆಟ್ರದ್ದೂ ಸಹ.

ಕರೆಂಟಿನವರು ಆಗಲೂ ಕರೆಂಟ್ ತೆಗೆದರೆ ಮಾತ್ರ ಮುಂದಿನ ಕೊಲೆ ಕೇಸ್ ವೇಣೂರಿನದ್ದೇ. ಆರೋಪಿಗಳು ಒಂದು ಬಸ್ಸು ತುಂಬ ಇದ್ದೇವೆ.