ಬೀಗರೂಟದ ಜಗಳಕ್ಕೆ ಲಾಯರ್ ಕಾಗದ

ಒಂದು ಕಾಗದಕ್ಕೆ ಮೂರು ಸಾವಿರ ರೂಪಾಯಿ, ಮೇಲೆ ಒಂದು ಮೂಟೆ ಸಣ್ಣಕ್ಕಿ ಕೊಟ್ಟೆ. ಮೈಸೂರಿನ ಲಾಯರಮ್ಮ ಕೇಳಿದ್ದು ಐದು ಸಾವಿರ. ಚೌಕಾಸಿ ಮಾಡದೆ ದುಡ್ಡು ಬಿಚ್ಚುವ ಆಸಾಮಿ ನಾನಲ್ಲ, ಕೆ.ಆರ್. ನಗರದ ರಸ್ತೆಯಲ್ಲಿ ರೈಸ್ ಮಿಲ್ ಎಬ್ಬಿಸಿದ್ದೇ ಹಾಗೆ. ಈ ಖರ್ಚು ಬಿದ್ದದ್ದು ಮಾತ್ರ ಒಂದು ಬೀಗರೂಟದಿಂದ.

ಸುಗ್ಗಿಯ ಕಾಲ. ಭತ್ತದ ಲಾರಿಗಳು ಗೇಟಿನಾಚೆ ಸಾಲುಗಟ್ಟಿದ್ದಾಗ ನಮ್ಮ ಮಿಲ್ಲಿನ ಮೇಸ್ತ್ರಿ ಗಾವಡಗೆರೆ ಕಡೆಗೆ, ತಂಗಿ ಮಗಳ ಬೀಗರೂಟಕ್ಕೆ ಹೋದ. ಮಾರನೇ ದಿನವೂ ಬರಲಿಲ್ಲ. ಬಂದಾಗ ಹಮಾಲರೆಲ್ಲರ ಎದುರಿಗೇ ಅಂದುಬಿಟ್ಟೆ: "ಬಾಡೂಟಾನೇ ದೊಡ್ಡದಾದ್ರೆ ಅಲ್ಲೇ ಇದ್ಬುಡು, ಇಲ್ಲಿಗ್ಯಾಕ್ ಬಂದೆ?"

ಅವನು ಕೀ ಗೊಂಚಲು ಮೇಜಿನ ಮೇಲಿಟ್ಟು ಹೊರಟುಹೋದ.

ನಮ್ಮ ಕಡೆ ಇಂಥ ಜಗಳ ತಾನಾಗಿ ತಣ್ಣಗಾಗುತ್ತದೆ. ಯಾರೋ ಒಬ್ಬರು ಮಧ್ಯೆ ಬಂದು ಕೈ ಹಿಡಿದು ಕರೆತರುತ್ತಾರೆ. ಈ ಸಲ ಯಾರೂ ಬರಲಿಲ್ಲ. ಅಷ್ಟರಲ್ಲಿ ಹ್ಯಾಂಡ್‌ಪೋಸ್ಟ್ ಊರಿನ ಕಡೆಯ ಇನ್ನೊಬ್ಬ ಮೇಸ್ತ್ರಿ ಕಡಿಮೆ ಸಂಬಳಕ್ಕೆ ಬರ್ತೀನಿ ಅಂದ. ಹಳಬನನ್ನು ಕಾನೂನು ಪ್ರಕಾರವೇ ಕಳಿಸೋಣ ಅಂತ ಲಾಯರಮ್ಮನ ಆಫೀಸಿನಲ್ಲಿ ಕೂತೆ.

"ನೀವು ತೆಗೆದ್ರೋ, ಅವರೇ ಬಿಟ್ರೋ?"

"ಸಿಟ್ಟಲ್ಲಿ ಒಂದು ಮಾತಂದೆ ಮೇಡಂ. ಅವನು ಹೋದ."

"ಹಾಗಂದ್ರೆ ತೆಗೆದ್ರಿ ಅಂತಾನೇ ಅವರು ಕೇಸ್ ಹಾಕ್ಬಹುದು. ಪಿಎಫ್ ಕಟ್ಟೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?"

ಒಂಬತ್ತು ಆಗಿತ್ತು. ಅವರು ಪೆನ್ನು ಕೆಳಗಿಟ್ಟರು. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು. ಆ ಹತ್ತು ತುಂಬುವ ಹೊತ್ತಿಗೇ ಮೇಸ್ತ್ರಿಗೆ ಐವತ್ತೆಂಟು, ಪಿಂಚಣಿ ಶುರುವಾಗುವ ವಯಸ್ಸು. ಈಗ ಬಿಟ್ಟು ಪಿಎಫ್ ಬಿಡಿಸಿಕೊಂಡರೆ ಪಿಂಚಣಿ ಅನ್ನೋದು ಮುಗಿದ ಕತೆ. ಕೇಸಿನ ಭಯ ಒಂದು ಕಡೆ, ಒಂಬತ್ತು ವರ್ಷದ ದುಡಿಮೆಯ ಮುಖ ಇನ್ನೊಂದು ಕಡೆ. ಕಳಿಸಲು ಹೋದವನು ಕರೆಸುವ ಕಾಗದ ಬರೆಸಿದೆ: ನಿಮ್ಮನ್ನು ತೆಗೆದಿಲ್ಲ, ಕೆಲಸಕ್ಕೆ ಬನ್ನಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು.

ಪೋಸ್ಟ್‌ಮ್ಯಾನ್ ಅದನ್ನು ಕೊಟ್ಟದ್ದು ಟೀ ಅಂಗಡಿ ಮುಂದೆ. ಲಾಯರ್ ಸೀಲು ಕಂಡ ಊರಿಗೆ ಒಳಗಿನ ಒಕ್ಕಣೆ ಯಾಕೆ ಬೇಕು? ಸಾವ್ಕಾರ ಕೇಸು ಹಾಕಿದ ಅಂತಲೇ ಸುದ್ದಿಯಾಯಿತು.

ಮಾರನೇ ಬೆಳಿಗ್ಗೆ ಮೇಸ್ತ್ರಿ, ಅವನ ಹೆಂಡತಿ, ಭಾವಮೈದ ಮಿಲ್ಲಿನ ಗೇಟಿಗೆ ಬಂದರು. ಭಾವಮೈದ ಕೂಗಾಡಿದ: "ಏನ್ ಸಾವ್ಕಾರ್ರೇ, ಎರಡು ತುಂಡು ಬಾಡು ತಿಂದುದ್ಕೆ ಕೋರ್ಟ್‌ಗೆ ಎಳೀತೀರಾ? ಕೆಲ್ಸಾನೂ ಬ್ಯಾಡ, ನೀವೂ ಬ್ಯಾಡ. ಪಿಎಫ್ ದುಡ್ಡು ಬುಡ್ಸ್ಕೊಡಿ, ಅರ್ಜಿ ತಂದಿವ್ನಿ, ರುಜು ಆಕಿ!"

ಹಮಾಲರು ಮೂಟೆ ಇಳಿಸಿ ನಿಂತರು. ರುಜು ಹಾಕಿದ್ದರೆ ನನ್ನ ತಲೆನೋವು ಅಲ್ಲಿಗೇ ಹೋಗುತ್ತಿತ್ತು, ಅಗ್ಗದ ಮೇಸ್ತ್ರಿಯೂ ಸಿಗುತ್ತಿದ್ದ. ಭಾವಮೈದ ಕೊಟ್ಟ ಅರ್ಜಿ ಕೈಯಲ್ಲಿತ್ತು, ಪೆನ್ನು ಜೇಬಿನಲ್ಲಿತ್ತು. ನಾನು ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿದೆ.

"ಕೇಳು ತಂಗ್ಯವ್ವ, ಇದಕ್ಕೆ ರುಜು ಹಾಕಿದ್ರೆ ತಿಂಗಳ ಪಿಂಚಣಿ ಹೋಯ್ತು. ಇನ್ನೊಂದು ವರ್ಷ ಬಂದ್ರೆ ಇವನು ಇರೋಗಂಟ ಬರ್ತದೆ. ಆಮೇಲೆ ನಿಂಗೂ ಒಂದಷ್ಟು ಬರ್ತದೆ."

"ನಂಗೂವಾ?"

"ನಿಂಗೂ."

ಅವಳು ನನ್ನ ಕೈಯಿಂದ ಅರ್ಜಿ ಕಿತ್ತು ಸೆರಗಿನಲ್ಲಿ ಮುದುರಿಕೊಂಡಳು. ಮೇಸ್ತ್ರಿ ಮಾತ್ರ ಅಲುಗಲಿಲ್ಲ. "ಎಲ್ರ ಮುಂದೆ ಅಂದ್ರಿ ಸಾವ್ಕಾರ್ರೇ."

"ಎಲ್ರ ಮುಂದೆನೇ ವಾಪಸ್ ತಗೊಂಡೆ ಕಣಯ್ಯ. ಆ ಕಾಗದದಲ್ಲಿರೋದೂ ಕೆಲ್ಸಕ್ಕೆ ಬಾ ಅಂತಲೇ. ನಡಿ ಒಳಗೆ."

"ಇದುನ್ನ ಯೋಳಕ್ಕೆ ಲಾಯರ್‌ಗೆ ಕಾಸು ಕೊಟ್ರಾ? ಮನೆ ತಾವ್ ಬಂದಿದ್ರೆ ಕಾಪಿನೂ ನಮ್ದೇ ಇತ್ತು!" ಹಮಾಲರು ಗೊಳ್ಳೆಂದರು. ಅವನು ಶರ್ಟು ಬಿಚ್ಚಿ ಮೊಳೆಗೆ ಹಾಕಿದ.

ನಾಲ್ಕು ಜನಕ್ಕೆ ಕೆಲಸ ಕೊಟ್ಟಿರುವವರು ಕೇಳಿ. ಸಿಟ್ಟಿನಲ್ಲಿ ಯಾರನ್ನೂ ಬಾಯಲ್ಲಿ ತೆಗೆಯಬೇಡಿ. ಬಿಟ್ಟು ಹೋದವರಿಗೆ ಬನ್ನಿ ಅಂತ ಕಾಗದ ಕಳಿಸಲೇಬೇಕು, ನಾಳೆ ಕೇಸಾದರೆ ನಮ್ಮನ್ನು ಕಾಯುವುದು ಅದೇ. ಆದರೆ ಪೋಸ್ಟಿಗೆ ಹಾಕುವ ಮುಂಚೆ ಅವರ ಮನೆಗೆ ಹೋಗಿ, ಅದರಲ್ಲಿ ಏನಿದೆ ಅಂತ ಹೇಳಿ ಬನ್ನಿ. ಹೆಂಡತಿ ಇರುವ ಹೊತ್ತು ನೋಡಿ ಹೋಗಿ. ಲಾಯರ್ ಫೀಸಿನಲ್ಲಿ ಬೇಕಾದರೆ ಚೌಕಾಸಿ ಮಾಡಿ, ಆಳಿನ ಸರ್ವಿಸ್ ತಿಂಗಳುಗಳಲ್ಲಿ ಬೇಡ.