ಲಿಂಕೂ ಅಡಿಯೂ ಒಂದೇ ಅಂದವಳು

ಹಿಂದೂಪುರದ ಒಂದು ಖಾಸಗಿ ಸರ್ವೆ ಆಫೀಸಿನಲ್ಲಿ ನಾನು ನಕ್ಷೆ ಬರೆಯುತ್ತೇನೆ. ಹಳೆಯ ನಕ್ಷೆಗಳಲ್ಲಿ ಅಳತೆಯೆಲ್ಲ ಲಿಂಕಿನಲ್ಲಿರುತ್ತದೆ. ಹಿಂದೆ ಹೊಲ ಅಳೆಯುತ್ತಿದ್ದ ಕಬ್ಬಿಣದ ಸರಪಳಿಯ ಒಂದು ಕೊಂಡಿಯೇ ಒಂದು ಲಿಂಕು. ನೂರು ಲಿಂಕು ಸೇರಿದರೆ ಒಂದು ಸರಪಳಿ, ಅರವತ್ತಾರು ಅಡಿ. ಅದನ್ನು ಅಡಿಗೆ, ಮೀಟರಿಗೆ ತಿರುಗಿಸಿ ಕಂಪ್ಯೂಟರಿಗೆ ಏರಿಸುವುದೇ ನನ್ನ ಕೆಲಸ. ನಾನು ಹೊಲಕ್ಕೆ ಇಳಿದು ಅಳೆಯುವವಳಲ್ಲ, ಕುರ್ಚಿಯಲ್ಲಿ ಕೂತು ಲೆಕ್ಕ ಮಾಡುವವಳು. ಆದರೂ ತವರಿನಲ್ಲಿ ಎಲ್ಲರಿಗೂ ನಾನು ಸರ್ವೇರಮ್ಮ. ಆ ಹೆಸರು ಇಟ್ಟವರು ಅಪ್ಪ.

ತವರು ಇರುವುದು ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ರಸ್ತೆಯ ಮೇಲೆ. ಒಂದು ಸಂಜೆ ಅಡುಗೆ ಮಾಡುತ್ತಿದ್ದಾಗ ಅಪ್ಪನ ಫೋನು ಬಂತು. ಅವರಿಗೆ ನಾನು ಈಗಲೂ ಪಾಪ, ಚಿಕ್ಕ ಹುಡುಗಿ.

"ಪಾಪ, ಒಂದು ಲಿಂಕು ಅಂದ್ರೆ ಒಂದು ಅಡೀನೇ ಅಲ್ವಾ?"

"ಇಲ್ಲ ಕಣಪ್ಪ, ಅಡಿಗಿಂತ ಕಮ್ಮಿ. ಎಂಟಂಗುಲಕ್ಕೆ ಒಂಚೂರು ಕಮ್ಮಿ ಬತ್ತದೆ."

"ಹಂಗಾರೆ ನಲವತ್ತೆಂಟು ಲಿಂಕು?"

"ಮೂವತ್ತೊಂದು ಅಡಿ, ಎಂಟಂಗುಲ. ಯಾಕಪ್ಪ?"

"ಯಾರೋ ಕೇಳಿದ್ರು" ಎಂದು ಅಪ್ಪ ಫೋನು ಇಟ್ಟರು. ನಾನೂ ಅದನ್ನು ಮರೆತೆ.

ಕೆಲವು ತಿಂಗಳ ನಂತರ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ರಜೆ ಹಾಕಿ ಊರಿಗೆ ಹೋದೆ. ಮಾರನೇ ದಿನ ಅಮ್ಮನನ್ನು ನೋಡಲು ಪೆದ್ದಮ್ಮ ಬಂದರು. ಅವರು ನಮ್ಮ ನೆಂಟರಲ್ಲ, ನೇಯ್ಗೆಯ ಮನೆಯವರು. ನಮ್ಮ ಹೊಲದ ಪಕ್ಕದಲ್ಲೇ ಅವರದೂ ಒಂದಿಷ್ಟು ಹೊಲವಿದೆ. ಚಿಕ್ಕಂದಿನಿಂದ ಅವರನ್ನು ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದೇ ಕರೆದು ರೂಢಿ. ಎರಡು ಹೊಲಗಳ ನಡುವಿನ ಗೆರೆ ಒಂದು ಕಡೆ ಮೂಲೆಯಾಗಿ ಅವರ ಹೊಲದೊಳಕ್ಕೆ ಬಾಗುತ್ತದೆ. ಆ ಮೂಲೆ ಎಲ್ಲಿಯವರೆಗೆ ನಮ್ಮದು ಎಂಬ ಬಗ್ಗೆ ಆಗಾಗ ಮಾತು ಬರುತ್ತಿತ್ತು.

ಕಾಫಿ ಕುಡಿಯುತ್ತ ಪೆದ್ದಮ್ಮ ಹೇಳಿದರು: "ಆ ಮೂಲೇದು ಮುಗೀತು ಕಣಮ್ಮ, ಇನ್ನು ತಕರಾರಿಲ್ಲ. ನಕ್ಷೇಲಿ ನಲವತ್ತೆಂಟು ಅಂತ ಐತೆ. ಅದು ಲಿಂಕು, ಅಡಿ ಅಲ್ಲ ಅಂತ ನನ್ ಮಗ ಕೂಗಾಡ್ದ. ನಿಮ್ಮಪ್ಪ, 'ಎರಡೂ ಒಂದೇ ಕಣಕ್ಕ, ನನ್ ಮಗಳೇ ಹೇಳವ್ಳೆ' ಅಂದ್ರು. ನೀನೇ ಹೇಳಿದ್ಮೇಲೆ ಇನ್ನೇನೈತೆ? ಬುಟ್ಬುಡ್ಲಾ ಅಂದೆ ನಮ್ಮೋನಿಗೆ."

ಅಪ್ಪ ಅಲ್ಲೇ ಜಗಲಿಯ ಮೇಲೆ ಕೂತಿದ್ದರು. ನನ್ನ ಕಡೆ ತಿರುಗಲಿಲ್ಲ. ಪೆದ್ದಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಅಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಳು. ನನ್ನ ಬಾಯಿಂದ "ಹೂಂ" ಎಂದು ಬಂತು. ಜೊತೆಗೆ ಸಣ್ಣದಾಗಿ ನಕ್ಕೆ ಕೂಡ.

ಅವರು ಹೋದಮೇಲೆ ಹೊಲಕ್ಕೆ ಹೋದೆ. ಮೂಲೆಯಲ್ಲಿ ಹೊಸ ಕಲ್ಲುಕಂಬಗಳು ನಿಂತಿದ್ದವು, ತಂತಿ ಬಿಗಿದಿತ್ತು. ಅಳೆಯದೆಯೇ ಗೊತ್ತಾಗುವಂತಿತ್ತು. ಹದಿನಾರು ಅಡಿಗಿಂತ ಹೆಚ್ಚು ಅವರ ಹೊಲದೊಳಗೆ ಹೋಗಿತ್ತು ಬೇಲಿ. ಅಪ್ಪ ನನ್ನ ಹಿಂದೆಯೇ ಬಂದು ನಿಂತಿದ್ದರು.

"ಅವತ್ತು ನಾನು ಹಿಂಗಾ ಹೇಳಿದ್ದು?" ಎಂದೆ.

"ಟ್ರಾಕ್ಟರ್ ತಿರುಗಿಸೋಕೆ ಜಾಗ ಸಾಲ್ತಿರ್ಲಿಲ್ಲ ಪಾಪ. ಅವ್ರು ಅಲ್ಲೇನು ಬೆಳೀತಿದ್ರು, ಬರೀ ಕಲ್ಲು. ಕೇಳಿದ್ರೆ ಕೊಟ್ಬುಡೋರು."

"ಕೊಡೋರಾದ್ರೆ ಕೇಳ್ಬೇಕಿತ್ತು."

ಅಪ್ಪ ತಂತಿಯನ್ನು ಬೆರಳಿನಿಂದ ಒತ್ತಿ ನೋಡುತ್ತ ಹೇಳಿದರು: "ಕೇಳೋಕೆ ನಾಚಿಕೆ ಆಯ್ತು."

ಯಾರ ಮುಂದೆಯೂ ಕೈಚಾಚದ ಮನುಷ್ಯ ಅವರು. ಆ ಹೆಮ್ಮೆಯನ್ನು ಉಳಿಸಿಕೊಳ್ಳಲು ನನ್ನ ಹೆಸರನ್ನು ಬಳಸಿದ್ದರು. ಊರೆಲ್ಲ ಸರ್ವೇರಮ್ಮ ಎಂದು ಹೇಳಿಕೊಂಡು ತಿರುಗಿದ ಹೆಸರನ್ನೇ. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಅಪ್ಪನ ಬಗ್ಗೆ ಎಷ್ಟೋ, ಕಾಫಿ ಲೋಟ ಹಿಡಿದುಕೊಂಡು ಹೂಂಗುಟ್ಟಿದ ನನ್ನ ಬಗ್ಗೆಯೂ ಅಷ್ಟೇ.

ಮರುದಿನ ಬೆಳಿಗ್ಗೆ ಪೆದ್ದಮ್ಮನ ಮನೆಗೆ ಹೋದೆ. ಒಳಗೆ ಅವರ ಮಗ ಮಗ್ಗದ ಮೇಲೆ ಕೂತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಎರಡು ಮಕ್ಕಳ ತಂದೆ. ನಿಂತಲ್ಲೇ ಹೇಳಿದೆ: "ಪೆದ್ದಮ್ಮ, ಲಿಂಕೂ ಅಡೀನೂ ಒಂದೇ ಅಲ್ಲ. ನಲವತ್ತೆಂಟು ಲಿಂಕಂದ್ರೆ ಮೂವತ್ತೆರಡು ಅಡೀನೂ ಇಲ್ಲ. ಉಳಿದಿದ್ದು ನಿಮ್ದು."

ಮಗ್ಗದ ಸದ್ದು ನಿಂತಿತು. ಪೆದ್ದಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಮೆಲ್ಲಗೆ, "ನಿಮ್ಮಪ್ಪ ತಪ್ಪಾಗಿ ಕೇಳಿಸ್ಕೊಂಡಿರ್ತಾರೆ ಬುಡಮ್ಮ. ಫೋನ್‌ನಾಗೆ ಏನ್ ಕೇಳ್ಸುತ್ತೆ" ಎಂದರು.

ನಮ್ಮ ಮರ್ಯಾದೆ ಉಳಿಸಲು ಅವರೇ ಒಂದು ದಾರಿ ಮಾಡಿಕೊಟ್ಟಿದ್ದರು. ಅದರಲ್ಲಿ ನುಸುಳಿ ಮನೆಗೆ ಹೋಗಬೇಕೆಂದು ಎಷ್ಟು ಆಸೆಯಾಯಿತೆಂದರೆ, ಬಾಯಿ ತೆರೆಯುವುದೇ ಕಷ್ಟವಾಯಿತು.

"ಇಲ್ಲ ಪೆದ್ದಮ್ಮ. ಸರಿಯಾಗೇ ಕೇಳಿಸ್ಕೊಂಡಿದ್ರು."

ಮಗ ಮಗ್ಗದಿಂದ ಎದ್ದು ಬಂದು ಬಾಗಿಲಲ್ಲಿ ನಿಂತ. "ಹಂಗಾರೆ ನಿನ್ನೆ ನಮ್ಮವ್ವನ ಮುಂದೆ ಹೂಂ ಅಂದ್ಯಂತಲ್ಲಕ್ಕ?" ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ತಂದಿದ್ದ ಟೇಪನ್ನು ಅವನ ಮುಂದೆ ಹಿಡಿದೆ.

ಟೇಪು ತಗೊಂಡು ಮೂವರೂ ಹೊಲಕ್ಕೆ ಹೋದೆವು. ಅವನು ಒಂದು ತುದಿ, ನಾನು ಒಂದು ತುದಿ ಹಿಡಿದು ಅಳೆದೆವು. ಗುರುತಿಗೆ ಕಲ್ಲಿಡುವಷ್ಟರಲ್ಲಿ ಹೆಗಲ ಮೇಲೆ ಹಾರೆ ಇಟ್ಟುಕೊಂಡು ಅಪ್ಪ ಬಂದರು. ಬಂದವರೇ ಮೊದಲನೇ ಕಂಬದ ಬುಡ ಅಗೆಯತೊಡಗಿದರು. ಪೆದ್ದಮ್ಮನ ಮಗ ಹೋಗಿ ಕಂಬ ಹಿಡಿದುಕೊಂಡ.

ಪೆದ್ದಮ್ಮ ಬದುವಿನ ಮೇಲೆ ಕೂತು ಹೇಳಿದರು: "ಬೆಳೆ ಇಲ್ದಾಗ ನಮ್ ಹೊಲದಾಗೇ ತಿರುಗಿಸ್ಕೊಳಪ್ಪ ಟ್ರಾಕ್ಟರ್‌ನ. ಒಂದು ಮಾತು ಕೇಳಿದ್ರೆ ಆಯ್ತಿರ್ಲಿಲ್ವಾ?"

ಅಪ್ಪನ ಹಾರೆ ಅದೇ ಗುಂಡಿಗೆ ಬೀಳುತ್ತಲೇ ಇತ್ತು, ಕಂಬ ಸಡಿಲಾದ ಮೇಲೂ. ಪೆದ್ದಮ್ಮ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು ಎಂದು ನನಗನ್ನಿಸಿತು.

ಅವರು ಅಷ್ಟು ಹೇಳಿದರೂ ಅಪ್ಪ ಆ ಹೊಲಕ್ಕೆ ಟ್ರಾಕ್ಟರ್ ಇಳಿಸುವುದಿಲ್ಲ. ಸಾಲಿನ ಕೊನೆಯಿಂದ ರಿವರ್ಸಿನಲ್ಲೇ ಹಿಂದಕ್ಕೆ ಬರುತ್ತಾರೆ. ನಾವಿಬ್ಬರೂ ಈ ವಿಷಯ ಮತ್ತೆ ಎತ್ತಿಲ್ಲ. ಸರ್ವೇರಮ್ಮ ಎನ್ನುವುದನ್ನು ಅವರು ಬಿಟ್ಟಿದ್ದಾರೆ.

ಈಚೆಗೆ ಪೆದ್ದಮ್ಮನ ಮಗ ಮಗ್ಗಕ್ಕೆಂದು ಬೇರೆ ಶೆಡ್ಡು ಕಟ್ಟಿಸಿದ. ಜಾಗದ ಅಳತೆ ಹಳೆಯ ಪತ್ರದಲ್ಲಿ ಗಜದಲ್ಲಿತ್ತಂತೆ, ಮೇಸ್ತ್ರಿಗೆ ಅಡಿಯಲ್ಲಿ ಬೇಕಿತ್ತಂತೆ. ಒಂದು ಗಜಕ್ಕೆ ಮೂರು ಅಡಿ, ನನ್ನನ್ನು ಕೇಳಿದ್ದರೆ ನಿಂತಲ್ಲೇ ಹೇಳಿಬಿಡುತ್ತಿದ್ದೆ. ಆ ವಾರ ನಾನು ಊರಲ್ಲೇ ಇದ್ದೆ. ಅವನು ನಮ್ಮ ಮನೆ ಮುಂದೆಯೇ ಬೈಕು ನಿಲ್ಲಿಸಿ, ಅಮ್ಮನ ಕಣ್ಣು ಹೇಗಿದೆ ಎಂದು ವಿಚಾರಿಸಿದ. ಎಲ್ಲಿಗೆ ಹೊರಟೆ ಎಂದು ಕೇಳಿದೆ.

"ಕಲ್ಯಾಣದುರ್ಗಕ್ಕೆ ಹೋಯ್ತೀನಿ ಅಕ್ಕ. ಅಳತೆ ಒಂದು ಕೇಳ್ಕಂಡು ಬತ್ತೀನಿ" ಎಂದು ಹೇಳಿ ಹೊರಟುಹೋದ.