ಹೆಸರು ಬರೆದ ಫ್ಯಾನು

ಆ ಕೋಣೆಯ ಚಾವಣಿಯಲ್ಲಿ ಒಂದು ಖಾಲಿ ಕೊಕ್ಕೆ ಇತ್ತು. ನಾನು ಆ ಕೋಣೆಯನ್ನು ಒಪ್ಪಿಕೊಂಡದ್ದೇ ಕೊಕ್ಕೆ ಖಾಲಿ ಇದೆ ಎಂದು. ಎಂಬತ್ತರ ದಶಕದ ನಡುಭಾಗ. ಬಸವೇಶ್ವರನಗರದ ಖಾಲಿ ಸೈಟುಗಳಲ್ಲಿ ಇನ್ನೂ ಎಮ್ಮೆ ಮೇಯುತ್ತಿದ್ದ ಕಾಲ. ಬಡಾವಣೆಯ ನಾಗರಿಕರ ಸಂಘದವರು ತಮ್ಮ ಕಟ್ಟಡದ ಮಹಡಿಯ ಕೋಣೆಯನ್ನು ಬಾಡಿಗೆ ಇಲ್ಲದೆ ನನಗೆ ಬಿಟ್ಟುಕೊಟ್ಟಿದ್ದರು. ಬೀಗದ ಕೈ ಕೊಡುವಾಗ ಸಂಘದ ಕಾರ್ಯದರ್ಶಿಗಳು ಮೇಲೆ ನೋಡಿ, "ಒಂದು ಫ್ಯಾನಿಲ್ಲ ನೋಡಿ ಮೇಡಮ್, ಬೇಜಾರ್ ಮಾಡ್ಕೋಬೇಡಿ" ಎಂದರು. "ಬೇಡವೇ ಬೇಡ ಸಾರ್" ಎಂದೆ. ನಾನು ಸಂಕೋಚಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು. ಮುಂದೆ ನಾನು ಪಟ್ಟ ಪಾಡಿಗೆಲ್ಲ ಅಲ್ಲೇ ಬೀಜ ಬಿತ್ತು.

ಮನಶ್ಶಾಸ್ತ್ರ ಓದಿದ್ದ ನಾನು ಆಗ ನೋಡುತ್ತಿದ್ದದ್ದು ಮಾತಾಡದ, ಕರೆದರೆ ತಿರುಗದ, ಎದುರಿಗೆ ಕೂತವರ ಮುಖ ನೋಡದ ಮಕ್ಕಳನ್ನು. ಕಿವಿ ಸರಿ ಇರುತ್ತಿತ್ತು, ಕಣ್ಣು ಸರಿ ಇರುತ್ತಿತ್ತು. ಇವತ್ತು ಆಟಿಸಂ ಅಂದರೆ ಬೀದಿಯಲ್ಲಿ ಹೋಗುವವರಿಗೂ ಗೊತ್ತು, ಕನ್ನಡದಲ್ಲಿ ಸ್ವಲೀನತೆ ಎಂಬ ಪದವೂ ಇದೆ. ಆಗ ಆ ಮಕ್ಕಳಿಗೆ ಸಿಗುತ್ತಿದ್ದ ಹೆಸರುಗಳು ಎರಡೇ: ಮೂಗ, ಇಲ್ಲವೇ ಹುಚ್ಚ. ನನ್ನ ಪ್ರಶ್ನೆ ಬಹಳ ಚಿಕ್ಕದು. ಸುತ್ತಮುತ್ತ ಕಣ್ಣು ಸೆಳೆಯುವ ವಸ್ತುಗಳನ್ನೆಲ್ಲ ತೆಗೆದುಬಿಟ್ಟು, ತಾಯಿಯನ್ನು ಎದುರಿಗೆ ಕೂರಿಸಿ, ದಿನವೂ ಒಂದೇ ರೀತಿ ಕರೆಸುತ್ತಾ ಬಂದರೆ ಆ ಮಗು ಎಂದಾದರೂ ತಾಯಿಯ ಮುಖ ನೋಡೀತೇ? ನೋಡಿದರೆ ಮಿದುಳಿನಲ್ಲಿ ಆ ದಾರಿ ಮುಚ್ಚಿಹೋಗಿಲ್ಲ ಎಂದಾಯಿತು. ಅದಕ್ಕೇ ಕೋಣೆಯಲ್ಲಿ ಒಂದು ಚಾಪೆ ಬಿಟ್ಟರೆ ಬೇರೇನೂ ಇರಲಿಲ್ಲ. ಕ್ಯಾಲೆಂಡರ್ ಇಲ್ಲ, ಗಡಿಯಾರ ಇಲ್ಲ, ಕಿಟಕಿಯ ಗಾಜಿಗೆ ಕಂದು ಕಾಗದ. ಎಲ್ಲಕ್ಕಿಂತ ಮುಖ್ಯವಾಗಿ, ಫ್ಯಾನಿಲ್ಲ. ತಿರುಗುವ ವಸ್ತು ಒಂದಿದ್ದರೆ ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಪ್ರಪಂಚದಲ್ಲಿ ಇನ್ನೇನೂ ಬೇಡ. ಹಿಂದೆ ನಾನು ಕೆಲಸಕ್ಕಿದ್ದ ಕಡೆ ಅದನ್ನು ಕಣ್ಣಾರೆ ಕಂಡಿದ್ದೆ.

ಬಿನ್ನಿಪೇಟೆಯಿಂದ ಒಬ್ಬ ತಾಯಿ ಬರುತ್ತಿದ್ದಳು. ಗಂಡ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಐದು ವರ್ಷದ ಮಗಳಿಗೆ ಬಸ್ಸಿನ ಗದ್ದಲ ಆಗುತ್ತಿರಲಿಲ್ಲ, ಕಂಡಕ್ಟರ್ ಸೀಟಿ ಊದಿದರೆ ಸಾಕು ಕಿರುಚಿ ರಂಪ ಮಾಡುತ್ತಿದ್ದಳು. ಆದ್ದರಿಂದ ತಾಯಿ ಮಗಳನ್ನು ಮಾಗಡಿ ರಸ್ತೆ ಹಿಡಿದು ನಡೆಸಿಕೊಂಡೇ ಬರುತ್ತಿದ್ದಳು. ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡು, ಚಾಪೆಯ ಮೇಲೆ ಕೂತು, ಮೆಲ್ಲಗೆ ಕರೆಯುತ್ತಿದ್ದಳು: "ಪುಟ್ಟೀ." ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ಬೆಳಗ್ಗೆ ಆ ಹುಡುಗಿ ಚಾಪೆಯ ಅಂಚು ಕೀಳುವುದನ್ನು ನಿಲ್ಲಿಸಿ ತಲೆ ಎತ್ತಿ ತಾಯಿಯ ಮುಖ ನೋಡಿಬಿಟ್ಟಳು. ತಾಯಿ ನನ್ನ ಕಡೆ ತಿರುಗಿ, "ಮೇಡಮ್, ನೋಡಿದ್ಲು ಅಲ್ವಾ? ನನ್ನೇ ಅಲ್ವಾ ನೋಡಿದ್ದು?" ಎಂದು ಕೇಳಿದಳು. ಆಮೇಲೆ ಹುಡುಗಿ ಆಗೊಮ್ಮೆ ಈಗೊಮ್ಮೆ ನೋಡತೊಡಗಿದಳು. ನಾನು ಅಷ್ಟನ್ನು ನಂಬಿಕೊಂಡು ಸಂಶೋಧನೆಗೆ ಹಣ ಕೇಳಲು ಹೊರಟೆ.

ಹಣ ಅಂದರೆ ಏನು ಮಹಾ? ಒಬ್ಬ ಸಹಾಯಕಿಗೆ ಸಂಬಳ, ಒಂದು ಟೇಪ್ ರೆಕಾರ್ಡರ್, ತಾಯಂದಿರ ಓಡಾಟದ ಖರ್ಚು. ನನ್ನ ಕೈಯಲ್ಲಿದ್ದದ್ದು ಆ ವರ್ಷ ಮುಗಿಯುವುದರೊಳಗೆ ಖಾಲಿಯಾಗುತ್ತಿತ್ತು. ಆಮೇಲೆ ಕೋಣೆ ಮುಚ್ಚುವುದೇ. ನಾನು ಹತ್ತದ ಕಚೇರಿ ಇಲ್ಲ. ಒಂದು ಕಡೆ, "ಇದು ಫಾರಿನ್ನಿನ ಕಾಯಿಲೆ ಅಲ್ವೇನಮ್ಮಾ, ನಮ್ಮಲ್ಲೆಲ್ಲಿದೆ?" ಎಂದರು. ಆ ಹುಡುಗಿಯನ್ನೇ ಎತ್ತಿಕೊಂಡು ಬಂದು ಅವರ ಮೇಜಿನ ಮೇಲೆ ಕೂರಿಸಬೇಕು ಅನ್ನಿಸಿತು. ಇನ್ನೊಂದು ಕಡೆ, ಪೋಲಿಯೋ ಅಂತ ಬರೆದುಕೊಟ್ಟರೆ ಏನಾದರೂ ಮಾಡಬಹುದು ಎಂದು ದೊಡ್ಡ ಉಪಕಾರ ಮಾಡುವವರ ಹಾಗೆ ದನಿ ತಗ್ಗಿಸಿದರು. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಕೊನೆಗೆ ದೆಹಲಿಯ ಒಂದು ಕಚೇರಿಯವರು ಮಾತ್ರ ನನ್ನ ಅರ್ಜಿಯನ್ನು ನಿಜವಾಗಿ ಓದಿದರು. ಬೇಸಿಗೆಯಲ್ಲಿ ಒಬ್ಬ ತಜ್ಞರನ್ನು ಕಳಿಸುತ್ತೇವೆ, ಮಗು ತಾಯಿಯ ಮುಖ ನೋಡುವುದನ್ನು ಅವರು ಕಂಡರೆ ಹಣ ಮಂಜೂರು ಮಾಡುತ್ತೇವೆ ಎಂದರು.

ಅಷ್ಟರಲ್ಲಿ ನಮ್ಮ ಕಾರ್ಯದರ್ಶಿಗಳು ಸುಮ್ಮನಿರಲಾರದೆ ಒಬ್ಬ ದಾನಿಯನ್ನು ಕರೆತಂದರು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಫ್ಯಾನು, ಮೋಟರು ಮಾಡುವ ಸಣ್ಣ ಕಾರ್ಖಾನೆಯ ಮಾಲೀಕರು. ಹಣೆಯ ಮೇಲೆ ವಿಭೂತಿ, ಬಿಳಿ ಸಫಾರಿ, ಬಾಯಿ ತುಂಬ ನಗು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ತಂದೆ ತೀರಿಕೊಂಡು ವರ್ಷವಾಗುತ್ತಿದೆ, ಅವರ ನೆನಪಿಗೆ ಏನಾದರೂ ಕೊಡಬೇಕು ಎಂದರು.

"ಸಹಾಯಕಿಗೆ ಒಂದು ವರ್ಷದ ಸಂಬಳ ಕೊಡಿ ಸಾರ್" ಎಂದೆ.

"ಕೊಡಬಹುದು ಮೇಡಮ್. ಆದ್ರೆ ತಂದೆಯವರ ಹೆಸರು ಎಲ್ಲಿ ಬರೆಸೋದು?"

ನಮ್ಮೂರಿನಲ್ಲಿ ದಾನಕ್ಕೆ ಒಂದು ಮೈ ಬೇಕು. ದೇವಸ್ಥಾನದ ಟ್ಯೂಬ್‌ಲೈಟಿನ ಪಟ್ಟಿ, ಛತ್ರದ ಹಂಡೆ, ಪಾರ್ಕಿನ ಕಲ್ಲುಬೆಂಚು, ಎಲ್ಲದರ ಮೇಲೂ ಕೊಟ್ಟವರ ಹೆಸರು. ಬೆಳಕು ಕಾಣದಿದ್ದರೂ ಹೆಸರು ಕಾಣಬೇಕು. ಸಂಶೋಧನೆಯ ಮೇಲೆ ಬಣ್ಣದಲ್ಲಿ ಬರೆಯಲು ಜಾಗವೆಲ್ಲಿ? ಟೇಪ್ ರೆಕಾರ್ಡರ್ ಕೊಡಿ, ಅದರ ಮೇಲೆ ಬರೆಸಿ ಎಂದೆ. ಅದು ತೀರಾ ಚಿಕ್ಕದು ಎಂದರು. ಅವರ ಕಣ್ಣು ಚಾವಣಿಗೆ ಹೋಯಿತು, ಕೊಕ್ಕೆ ಕಂಡಿತು, ಮುಖ ಅರಳಿತು. ನಾನು ಎಷ್ಟು ಬೇಡ ಅಂದೆನೋ ಅವರಿಗೆ ನನ್ನ ಮೇಲೆ ಅಷ್ಟು ಗೌರವ ಹೆಚ್ಚಿತು.

ಮುಂದಿನ ವಾರ ನಾನಿಲ್ಲದ ಹೊತ್ತಿನಲ್ಲಿ ಫ್ಯಾನು ಬಂದು ಕೂತಿತ್ತು. ಮೂರು ರೆಕ್ಕೆಗಳ ಮೇಲೂ ಕೆಂಪು ಅಕ್ಷರ: ಒಂದರಲ್ಲಿ ತಂದೆಯ ಹೆಸರು, ಒಂದರಲ್ಲಿ 'ಇವರ ಸ್ಮರಣಾರ್ಥ', ಮತ್ತೊಂದರಲ್ಲಿ ಮಗನ ಹೆಸರು. ಸಂಘದವರು ಒಂದು ಸಣ್ಣ ಸಮಾರಂಭವನ್ನೂ ಇಟ್ಟುಕೊಂಡರು. ಹಾರ, ಕಾಯಿ, ಊದುಬತ್ತಿ ಎಲ್ಲ ಆಯಿತು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ ಎಂದು ಫೋಟೋದವನು ಅದನ್ನು ನಿಲ್ಲಿಸಿ, ಎಲ್ಲರನ್ನೂ ಕೆಳಗೆ ನಿಲ್ಲಿಸಿ, ಮೇಲೆ ನೋಡಿ ಅಂದ. ಫೋಟೋ ತೆಗೆದ ಮೇಲೆ ಮತ್ತೆ ಸ್ವಿಚ್ ಹಾಕಿದರು. ಮೂಲೆಯಲ್ಲಿ ಕೂತಿದ್ದ ಬಿನ್ನಿಪೇಟೆಯ ಹುಡುಗಿ ಎದ್ದು ಕೋಣೆಯ ನಡುವೆ ಬಂದು, ತಲೆ ಹಿಂದಕ್ಕೆ ಚೆಲ್ಲಿ, ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಲ್ಲು ಕಾಣುವ ಹಾಗೆ ನಕ್ಕಳು.

"ನೋಡಿ ಮೇಡಮ್, ಮಗು ಎಷ್ಟು ಖುಷಿಯಾಗಿದೆ! ನಮ್ಮಪ್ಪಾರ ಆತ್ಮಕ್ಕೆ ಇನ್ನೇನು ಬೇಕು?" ಮಾಲೀಕರ ಕಣ್ಣಲ್ಲಿ ನೀರೇ ಬಂತು.

ತಾಯಿ ನನ್ನ ಪಕ್ಕದಲ್ಲಿ ನಿಂತಿದ್ದಳು. "ನನ್ನ ನೋಡಿ ಒಂದಿನಾನೂ ಹಂಗೆ ನಕ್ಕಿಲ್ಲ ಮೇಡಮ್" ಎಂದಳು, ನನಗೆ ಮಾತ್ರ ಕೇಳುವಷ್ಟು.

ಆವತ್ತಿನಿಂದ ಅವಳು ಕರೆದೇ ಕರೆದಳು, ಮಗಳು ಕಣ್ಣು ಇಳಿಸಲಿಲ್ಲ. ನಾನು ಫ್ಯಾನು ಆರಿಸಿದರೆ, ಪಾಪ ಸೆಕೆ ಎಂದು ಸಂಘದವರು ಯಾರಾದರೂ ಬಂದು ಮತ್ತೆ ಹಾಕಿಹೋಗುತ್ತಿದ್ದರು. ನಾನು ಮಾಲೀಕರ ಕಾರ್ಖಾನೆಗೆ ಹೋಗಿ ಬಿಡಿಸಿ ಬಿಡಿಸಿ ಹೇಳಿದೆ. ಮಗು ಫ್ಯಾನು ನೋಡಬಾರದು, ತಾಯಿಯನ್ನು ನೋಡಬೇಕು, ಅದಕ್ಕಾಗಿಯೇ ಆ ಕೋಣೆ ಎಂದೆ. ಅವರು ಬಾದಾಮಿ ಹಾಲು ತರಿಸಿಕೊಟ್ಟು, "ಎರಡೂ ನೋಡ್ಲಿ ಬಿಡಿ ಮೇಡಮ್" ಎಂದರು. ಬಿಚ್ಚಿಸುತ್ತೇನೆ ಎಂದರೆ ಅವರ ತಂದೆಯನ್ನೇ ಹೊರಗೆ ಹಾಕಿದಂತಾಗುತ್ತದೆ, ಸಂಘದವರು ಕೋಣೆಯನ್ನೇ ಬಿಡಿಸುತ್ತಾರೆ. ಹಾಲು ಕುಡಿದು ಬಂದೆ.

ಬಂದವಳು ಆ ಕೋಣೆಯ ಫ್ಯೂಸ್ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಫ್ಯಾನು ಕೆಟ್ಟಿದೆ ಎಂದು ಸಂಘದವರಿಗೆ ಹೇಳಿದೆ. ಮತ್ತೆ ಬೆವರು ಹರಿಯಿತು, ಮತ್ತೆ ಶಾಂತಿ. ಹುಡುಗಿ ಕೆಲವು ದಿನ ಚಾವಣಿಗೆ ಮುಖ ಮಾಡಿ ಅತ್ತಳು. ಆಮೇಲೆ ನಿಧಾನವಾಗಿ ಚಾಪೆಗೆ ಮರಳಿದಳು. ತಜ್ಞರು ಬರುವ ಹಿಂದಿನ ದಿನ ತಾಯಿ ಕರೆದಾಗ ತಿರುಗಿ ನೋಡಿಯೇಬಿಟ್ಟಳು. ನಾಳೆಯೂ ಹೀಗೇ ಆಗಲಪ್ಪಾ ಎಂದು ದೇವರನ್ನು ಅಷ್ಟಾಗಿ ನಂಬದ ನಾನೂ ಹರಕೆ ಹೊರುವುದರಲ್ಲಿದ್ದೆ.

ಮಾರನೆಯ ದಿನ ತಜ್ಞರ ಜೊತೆ ಮೆಟ್ಟಿಲು ಹತ್ತಿ ಬಂದರೆ ಮೇಲೆ ಫ್ಯಾನು ಸುಯ್ಯೆಂದು ತಿರುಗುತ್ತಿದೆ. ಕೆಳಗೆ ಮಾಲೀಕರು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾರೆ. "ನಮ್ಮ ಫ್ಯಾನು ನಿಂತ್ಹೋಗಿದೆ ಅಂದ್ರೆ ನನಗೆ ನಿದ್ದೆ ಬರುತ್ತಾ ಮೇಡಮ್? ಅದೂ ದೆಹಲಿಯವರು ಬರೋ ದಿವಸ! ಫ್ಯಾನಿಗೆ ಏನೂ ಆಗಿಲ್ಲ, ಫ್ಯೂಸೇ ಇರಲಿಲ್ಲ, ಹೊಸದು ಹಾಕಿದೀನಿ" ಎಂದರು. ಕಾರ್ಯದರ್ಶಿಗಳು ತಲೆದೂಗಿದರು.

ಫ್ಯಾನು ಆರಿಸಬೇಕು, ಅದರಿಂದ ಮಗುವಿನ ಗಮನ ಚದುರುತ್ತದೆ ಎಂದು ತಜ್ಞರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೋಟು ಬಿಚ್ಚಿ ಕತ್ತು ಒರೆಸಿಕೊಳ್ಳುತ್ತಾ, ಫ್ಯಾನಿಲ್ಲದ ಮನೆ ಎಲ್ಲಿದೆ, ಇದ್ದ ಹಾಗೇ ನೋಡೋಣ ಎಂದರು. ತಾಯಿ ಕೂತಳು. "ಪುಟ್ಟೀ" ಎಂದಳು. ಮಗಳ ಕಣ್ಣು ಮೇಲೆ. ಮತ್ತೆ ಕರೆದಳು. ಅವಳ ದನಿ ಒಣಗುತ್ತಾ ಬಂತು. ಇದು ಪರೀಕ್ಷೆ ಎಂದು ಅವಳಿಗೆ ಗೊತ್ತಿತ್ತು, ಕೋಣೆ ಉಳಿಯುವುದು ಇದರಿಂದಲೇ ಎಂದೂ ಗೊತ್ತಿತ್ತು. ತಜ್ಞರು ತಾಳ್ಮೆಯಿಂದಲೇ ಕಾದು, ಏನೋ ಗುರುತು ಹಾಕಿಕೊಂಡು, ವಿಮಾನಕ್ಕೆ ಹೊತ್ತಾಯಿತು ಎಂದು ಎದ್ದರು. ಅವರು ಬಾಗಿಲು ದಾಟುತ್ತಿದ್ದ ಹಾಗೆ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಅದೇನೂ ವಿಶೇಷವಲ್ಲ. ಕಾರ್ಯದರ್ಶಿಗಳು, ಮಾಲೀಕರು ಅವರನ್ನು ಎಳನೀರಿಗೆ ಕೆಳಗೆ ಕರೆದೊಯ್ದರು.

ಫ್ಯಾನು ನಿಧಾನವಾಗಿ ನಿಂತಿತು. ಕೆಂಪು ಅಕ್ಷರಗಳು ಒಂದೊಂದಾಗಿ ಓದಲು ಬಂದವು. ಹುಡುಗಿ ಇನ್ನೂ ಸ್ವಲ್ಪ ಹೊತ್ತು ಮೇಲೇ ನೋಡಿದಳು. ಯಾರೂ ಹೇಳದೆಯೇ ತಾಯಿ ಮತ್ತೊಮ್ಮೆ ಕರೆದಳು. ಹುಡುಗಿಯ ಮುಖ ಇಳಿಯಿತು, ತಿರುಗಿತು, ತಾಯಿಯ ಮುಖದ ಮೇಲೆ ಬಂದು ನಿಂತಿತು. ಈ ಸಲ ಕಣ್ಣು ಕೀಳಲಿಲ್ಲ.

ನಾನು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ತಜ್ಞರು ಕಾರಿನಲ್ಲಿ ಒಂದು ಕಾಲಿಟ್ಟಿದ್ದರು. ಹೆಚ್ಚು ಕಡಿಮೆ ಕೈ ಹಿಡಿದು ಎಳೆದುಕೊಂಡೇ ಬಂದೆ, ಪುಣ್ಯಾತ್ಮರು ಬಂದರು. ಹಿಂದೆಯೇ ಮಾಲೀಕರೂ ಬಂದರು. ನಾವು ಹೊಸಿಲು ತುಳಿಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. "ಬಂತು ನೋಡಿ!" ಎಂದು ಮಾಲೀಕರು ಚಪ್ಪಾಳೆ ತಟ್ಟಿದರು. ನಾನು ಸ್ವಿಚ್ಚಿನ ಮೇಲೆ ಬಿದ್ದೆ. ಆರಿಸಿದೆ. ಫ್ಯಾನು ತಿರುಗುತ್ತಲೇ ಇತ್ತು. ಹುಡುಗಿಯ ಕಣ್ಣು ಮೇಲೆ ಹೋಗಿತ್ತು.

"ನಮ್ಮ ಬೇರಿಂಗು ಸಾರ್" ಎಂದರು ಮಾಲೀಕರು ತಜ್ಞರಿಗೆ, ಹೆಮ್ಮೆಯಿಂದ. "ಆಫ್ ಮಾಡಿದ್ರೂ ಅಷ್ಟು ಬೇಗ ನಿಲ್ಲಲ್ಲ."

ತಜ್ಞರು ವಾಚು ನೋಡಿಕೊಂಡರು. ನನ್ನ ಭುಜದ ಮೇಲೆ ಕೈಯಿಟ್ಟು, ನಿಮ್ಮ ಶ್ರದ್ಧೆ ನನಗೆ ಅರ್ಥವಾಗುತ್ತದೆ ಎಂದರು. ಆ ಕನಿಕರ ಕಂಡು ನನಗೆ ಕೂಗಾಡಬೇಕು ಅನ್ನಿಸಿತು. ಕಾರು ಹೊರಟ ಸದ್ದು ಕೇಳಿತು.

ಹಣ ಬರಲಿಲ್ಲ. ಮಗುವಿನಲ್ಲಿ ಯಾವ ಪ್ರತಿಕ್ರಿಯೆಯೂ ಕಂಡುಬಂದಿಲ್ಲ ಎಂದು ದೆಹಲಿಯಿಂದ ಎರಡು ಸಾಲಿನ ಉತ್ತರ ಬಂತು. ಮಳೆಗಾಲ ಮುಗಿಯುವ ಮುಂಚೆ ಕೋಣೆ ಖಾಲಿ ಮಾಡಿದೆ. ಆ ಫ್ಯಾನು ಮಾತ್ರ ಸಂಘದ ವಾಚನಾಲಯಕ್ಕೆ ಇಳಿದು ಅಲ್ಲಿ ಬಹಳ ಕಾಲ ತಿರುಗುತ್ತಿತ್ತಂತೆ. ನನ್ನ ಕಣ್ಣಿಗೆ ಬೀಳದಿರಲಿ ಎಂದು ನಾನು ಆ ರಸ್ತೆಯನ್ನೇ ಬಿಟ್ಟೆ.

ಆದರೆ ಇಷ್ಟು ವರ್ಷಗಳ ಮೇಲೂ ನನ್ನನ್ನು ಕಾಡುವುದು ಆ ಪತ್ರವಲ್ಲ, ಕಾರು ಹೊರಟ ಆ ಗಳಿಗೆ. ಎಲ್ಲರೂ ಕೆಳಗಿಳಿದರೂ ಆ ತಾಯಿ ಚಾಪೆಯ ಮೇಲಿಂದ ಏಳಲೇ ಇಲ್ಲ.

"ಅವರು ನೋಡ್ಲಿಲ್ಲ ಅಂದ್ರೆ ಇವಳು ನನ್ನ ನೋಡ್ಲೇ ಇಲ್ಲ ಅಂತ ಆಗ್ಬಿಡುತ್ತಾ ಮೇಡಮ್?"

ನನ್ನ ಓದಿನ ಪ್ರಕಾರ ಹೌದು, ಹಾಗೇ ಆಗುತ್ತದೆ. ಅವಳ ಪಕ್ಕದಲ್ಲಿ ಹೋಗಿ ಕೂತೆ. ಆರಿಸಿದ ಫ್ಯಾನು ಇನ್ನೂ ನಿಧಾನವಾಗಿ ತಿರುಗುತ್ತಿತ್ತು. ಅದು ನಿಂತ ಮೇಲೆ ಇನ್ನೊಂದು ಸಲ ಕರೆ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಮಗಳ ಎದುರಿಗೆ ಕೂತಳು. ಅದು ನಿಲ್ಲುವುದನ್ನೇ ಕಾಯುತ್ತಾ ಇಬ್ಬರೂ ಕೂತೆವು.